ಮೂರಕ್ಕೋ, ಮೂರಾದ ಮೇಲೋ

ಮಂಚದ ಮೇಲಿನ ಮನುಷ್ಯನನ್ನು ಎತ್ತುವುದಕ್ಕೂ ಊರಿಂದೂರಿಗೆ ಬೇರೆ ಬೇರೆ ಪದ್ಧತಿ ಇರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ನರ್ಸಿಂಗ್ ಓದುವಾಗ ನಮ್ಮಿಂದ ಗೊಂಬೆಯನ್ನು ಎತ್ತಿಸಿದ್ದರು. ಆ ಗೊಂಬೆ ನಮ್ಮ ಮನೆಯ ಅಕ್ಕಿ ಚೀಲದ ಅರ್ಧವೂ ತೂಗುತ್ತಿರಲಿಲ್ಲ. ಮಂಡಿ ಬಗ್ಗಿಸಬೇಕು, ಬೆನ್ನು ನೆಟ್ಟಗಿಡಬೇಕು, ಇಬ್ಬರೂ ಒಟ್ಟಿಗೆ ಎತ್ತಬೇಕು ಎಂದು ಬರೆದು ಅಂಕ ಗಿಟ್ಟಿಸಿಕೊಂಡಿದ್ದೆ. ಒಟ್ಟಿಗೆ ಅಂದರೆ ಸರಿಯಾಗಿ ಯಾವಾಗ ಎಂದು ಪರೀಕ್ಷೆಯಲ್ಲಿ ಕೇಳಲಿಲ್ಲ.

ಮೊದಲು ಕೆಲಸಕ್ಕೆ ಸೇರಿದ್ದು ಹಿರಿಯೂರಿನ ಒಂದು ಸಣ್ಣ ಆಸ್ಪತ್ರೆಯಲ್ಲಿ. ಆಪರೇಷನ್ ಆದವರನ್ನು ಟ್ರಾಲಿಯಿಂದ ಮಂಚಕ್ಕೆ ಸಾಗಿಸುವಾಗ ಇಬ್ಬರು ನರ್ಸುಗಳು ಒಂದೇ ಪಕ್ಕದಲ್ಲಿ ನಿಲ್ಲುತ್ತಿದ್ದೆವು. ಒಬ್ಬಳ ಕೈ ರೋಗಿಯ ಹೆಗಲು ಮತ್ತು ನಡುವಿನ ಕೆಳಗೆ, ಇನ್ನೊಬ್ಬಳ ಕೈ ತೊಡೆ ಮತ್ತು ಕಾಲಿನ ಕೆಳಗೆ. ಒಂದು, ಎರಡು, ಮೂರು. ಮೂರು ಎನ್ನುವ ಹೊತ್ತಿಗೆ ಅವನು ಮೇಲೆದ್ದಿರಬೇಕು. ಅಲ್ಲಿದ್ದಷ್ಟು ಕಾಲವೂ ಹಾಗೇ ಎತ್ತಿದೆ. ಕೈಗಳಿಗೆ ಅದು ಎಷ್ಟು ರೂಢಿಯಾಗಿತ್ತೆಂದರೆ, ಮನೆಯಲ್ಲಿ ಯಾರಾದರೂ ಸುಮ್ಮನೆ ಎಣಿಸಿದರೂ ನನ್ನ ತೋಳು ಬಿಗಿಯಾಗುತ್ತಿತ್ತು.

ಮದುವೆಯಾಗಿ ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿಗೆ ಬಂದ ಮೇಲೆ ಚಿತ್ರದುರ್ಗದ ಒಂದು ಖಾಸಗಿ ಆಸ್ಪತ್ರೆಗೆ ಸೇರಿಕೊಂಡೆ. ಸರ್ಜರಿ ವಾರ್ಡಿನಲ್ಲಿ ನನಗೆ ಜೋಡಿಯಾಗಿ ಸಿಕ್ಕವಳು ನನಗಿಂತ ಬಹಳ ಹಿರಿಯಳು. ಡಾಕ್ಟರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರೂ ಅವಳನ್ನು ಆಪಾ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದರು. ಕೋಟೆ ಕೆಳಗಿನ ಓಣಿಯಲ್ಲಿ ಅವಳ ಮನೆ, ಆ ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ಬಾಯಿ ಜೋರು. ಸೂಜಿ ಚುಚ್ಚುವಾಗ ಮಾತ್ರ ಕೈ ಹೂವಿನಷ್ಟು ಹಗುರ.

ನಾನು ಸೇರಿದ ಮೊದಲ ದಿನವೇ ಹರ್ನಿಯಾ ಆಪರೇಷನ್ ಮಾಡಿಸಿಕೊಂಡ ಹಿರೇಗುಂಟನೂರು ಕಡೆಯ ಒಬ್ಬ ರೈತರು ಟ್ರಾಲಿಯ ಮೇಲೆ ಬಂದರು. ಭಾರೀ ಆಳು. ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರಿಂದ ಸೊಂಟದ ಕೆಳಗೆ ಪೂರ್ತಿ ಮರಗಟ್ಟಿತ್ತು. ಹೆಗಲು ಮತ್ತು ನಡು ನನ್ನ ಪಾಲಿಗೆ, ಕಾಲಿನ ಕಡೆ ಆಪಾ. ಎಣಿಸಿದವಳೂ ಅವಳೇ. 'ಒಂದು, ಎರಡು, ಮೂರು' ಎಂದಳು. ನಾನು ಎತ್ತಿದೆ. ಅವಳು ಎತ್ತಲಿಲ್ಲ.

ಕಣ್ಣು ಮಿಟುಕಿಸುವಷ್ಟು ಹೊತ್ತು ಅಷ್ಟೇ. ಆಮೇಲೆ ಅವಳು 'ಹಾಂ' ಎಂದು ಎತ್ತಿದಳು, ಆ ರೈತರು ಮಂಚಕ್ಕೆ ಬಂದರು. ಆದರೆ ಆ ಅಷ್ಟು ಹೊತ್ತು ಆ ದೇಹದ ಪೂರ್ತಿ ಭಾರ ನನ್ನ ನಡುವಿನ ಮೇಲಿತ್ತು. ಒಳಗೆ ಏನೋ ಪಟ್ ಎಂದಿತು. ಎಡಗಾಲಿನ ಹಿಮ್ಮಡಿಯವರೆಗೆ ಬೆಂಕಿ ಇಳಿಯಿತು. ನಾನು ಮಂಚದ ಕಂಬಿ ಹಿಡಿದು ಹಾಗೇ ನಿಂತುಬಿಟ್ಟೆ.

'ಲೇ, ಹಾಂ ಅನ್ನೋಕ್ ಮುಂಚೆ ಯಾಕೆ ಎತ್ತಿದೆ?' ಎಂದಳು ಆಪಾ.

'ನೀವು ಮೂರು ಅಂದ್ರಲ್ಲ!'

'ಮೂರು ಅಂದ್ರೆ ಉಸುರು ಹಿಡಕಳದು. ಹಾಂ ಅಂದ್ರೆ ಎತ್ತದು. ನಿಮ್ ಹಿರಿಯೂರಾಗೆ ಹೆಂಗೆ?'

'ನಮ್ಮಲ್ಲಿ ಮೂರಕ್ಕೇ ಎತ್ತದು!' ಎಂದು ಅರಚಿದೆ. ನೋವಿನಲ್ಲಿ ಅವಳು ಹಿರಿಯಳು ಎನ್ನುವುದೂ ಮರೆತುಹೋಗಿತ್ತು.

ಮಲಗಿದ್ದ ರೈತರು ಗಾಬರಿಯಿಂದ ನಮ್ಮಿಬ್ಬರ ಮುಖ ನೋಡುತ್ತಾ 'ಜಗಳ ಆಮೇಲೆ ಆಡ್ರವ್ವ, ಮೊದ್ಲು ನನ್ ಕಾಲು ಅದಾವೋ ಇಲ್ವೋ ನೋಡ್ರಿ' ಎಂದರು. ಆಪಾ ನಕ್ಕಳು. ನಗಲು ಹೋದರೆ ನನಗೆ ನಡು ಇರಿಯಿತು.

ಅದೇ ಆಸ್ಪತ್ರೆಯ ಮೂಳೆ ಡಾಕ್ಟರು ಸ್ಕ್ಯಾನ್ ಚಿತ್ರವನ್ನು ಬೆಳಕಿಗೆ ಹಿಡಿದು ಡಿಸ್ಕ್ ಜರುಗಿದೆ ಎಂದರು. ಬಗ್ಗಬೇಡಿ, ಭಾರ ಎತ್ತಬೇಡಿ, ಬಹಳ ಹೊತ್ತು ನಿಲ್ಲಬೇಡಿ ಎಂದು ಎಲ್ಲರಿಗೂ ಹೇಳುವ ಪಾಠವನ್ನೇ ಶುರು ಮಾಡಿದರು. ಸರ್, ನಾನು ನಿಮ್ಮದೇ ಸರ್ಜರಿ ವಾರ್ಡಿನ ನರ್ಸು ಎಂದೆ. ತಲೆಯೆತ್ತಿ ನೋಡಿ, 'ಓ ಹೌದಲ್ಲ' ಎಂದು ನಕ್ಕು, 'ಹಾಗಾದ್ರೆ ಹುಷಾರಾಗಿ ಮಾಡ್ಕಂಡು ಹೋಗಮ್ಮ' ಎಂದರು. ನನಗೆ ನಂಬಲಾಗಲಿಲ್ಲ. ಸಾಲಿನಲ್ಲಿ ನನಗಿಂತ ಮುಂದಿದ್ದ ಬಟ್ಟೆ ವ್ಯಾಪಾರಿಗೆ ಅದೇ ನೋವಿಗೆ ತಿಂಗಳುಗಟ್ಟಲೆ ವಿಶ್ರಾಂತಿ ಬರೆದುಕೊಟ್ಟಿದ್ದರು. ಚೀಟಿ ಹಿಡಿದು ಹೊರಗೆ ಬಂದು, ಅದೇ ವಾರ್ಡಿಗೆ ಹೋಗಿ ಮುಂದಿನ ಟ್ರಾಲಿ ಎತ್ತಿದೆ.

ಅಲ್ಲಿಂದ ಶುರುವಾಯಿತು ಮುಚ್ಚಿಡುವ ಬಾಳು. ಸೊಂಟದ ಬೆಲ್ಟನ್ನು ಯೂನಿಫಾರ್ಮಿನ ಒಳಗೆ ಬಿಗಿಯುತ್ತಿದ್ದೆ. ಕೆಳಗೆ ಬಿದ್ದ ಪೆನ್ನನ್ನು ಬಗ್ಗದೆ ಎತ್ತುವ ವಿದ್ಯೆ ಕಲಿತೆ. ಚಪ್ಪಲಿ ಬಿಟ್ಟು, ಕಾಲಿನ ಹೆಬ್ಬೆರಳ ಸಂದಿಯಲ್ಲಿ ಪೆನ್ನು ಸಿಕ್ಕಿಸಿ, ಮಂಡಿ ಮಡಿಸಿ ಹಿಂದಿನಿಂದ ಕೈಗೆ ತಂದುಕೊಳ್ಳುವುದು. ಬಸ್ಸಿನಲ್ಲಿ ಕೂತರೆ ರಸ್ತೆಯ ಪ್ರತಿ ಉಬ್ಬಿಗೂ ಜೀವ ಬಾಯಿಗೆ ಬರುತ್ತಿದ್ದುದರಿಂದ ಕಂಬಿ ಹಿಡಿದು ನಿಂತೇ ಬರುತ್ತಿದ್ದೆ. ದಿನಾ ನೋಡುವ ಕಂಡಕ್ಟರ್ 'ಸೀಟ್ ಐತಲ್ಲ ಸಿಸ್ಟ್ರೇ, ಕುಂತ್ಕಳ್ರಿ' ಎನ್ನುತ್ತಿದ್ದ. ಅಭ್ಯಾಸ ಕಣಪ್ಪ ಎಂದರೆ 'ಒಳ್ಳೇ ಅಭ್ಯಾಸ, ದುಡ್ಡೂ ಕೊಟ್ಟು ನಿಂತ್ಕಂಡೂ ಬರದು' ಎಂದು ನಗುತ್ತಿದ್ದ.

ಅತ್ತೆ ಉಪ್ಪಿನ ಶಾಖ ಕೊಟ್ಟರು, ಎಣ್ಣೆ ತಿಕ್ಕಿದರು. ನೋವು ಯಾವುದಕ್ಕೂ ಬಗ್ಗದಿದ್ದಾಗ ಮೇಲಿನ ಬೀದಿಯ ಒಬ್ಬ ಹೆಂಗಸನ್ನು ಕರೆತಂದರು. ಅವರು ಹುಟ್ಟುವಾಗ ಕಾಲು ಮುಂದಾಗಿ ಬಂದವರಂತೆ. ಅಂಥವರ ಕೈಲಿ ಸೊಂಟಕ್ಕೆ ಒದೆಸಿಕೊಂಡರೆ ಹಿಡಿದದ್ದು ಬಿಡುತ್ತದೆ ಎಂಬುದು ನಮ್ಮ ಕಡೆ ಮನೆಮನೆಗೂ ಗೊತ್ತಿರುವ ಮದ್ದು. ಕಾಲು ಮುಂದಾಗಿ ಬರುವ ಹೆರಿಗೆ ಎಷ್ಟು ಅಪಾಯ ಎಂದು ಓದಿದವಳು ನಾನು, ಅಂಥ ಹೆರಿಗೆಗೆ ಕೈಯೊಡ್ಡಿದವಳೂ ನಾನು. ಆದರೂ ಗೋಡೆಗೆ ಮುಖ ಮಾಡಿ ನಿಂತು ಒದೆಸಿಕೊಂಡೆ! ಆ ಹೆಂಗಸು ಸಂಕೋಚದಿಂದ 'ಹಗೂರಕೆ ಒದೀತೀನಿ ಕಣವ್ವ, ನೀನು ಇಂಜೆಕ್ಷನ್ ಕೊಡೋಳು, ಇದೆಲ್ಲ ಸುಳ್ಳು ಅಂತ ಬೈಬ್ಯಾಡ' ಎಂದರು. ನೋವು ಹೋಗಲಿಲ್ಲ. ಅಷ್ಟು ದೂರ ಬಂದುಬಿಟ್ಟೆನಲ್ಲ ಎಂಬ ದಿಗಿಲು ಮಾತ್ರ ಬಹಳ ದಿನ ಉಳಿಯಿತು.

ಕೊನೆಗೆ ನನ್ನನ್ನು ಹಿಡಿದುಕೊಟ್ಟದ್ದು ಬೆಲ್ಟೇ. ಒಬ್ಬ ರೋಗಿಯ ಮೂತ್ರದ ಚೀಲ ಖಾಲಿ ಮಾಡಲು ಬಗ್ಗಿದಾಗ ಬೆಲ್ಟಿನ ಪಟ್ಟಿ ಚರ್‍ರ್ ಎಂದು ಬಿಚ್ಚಿಕೊಂಡಿತು. ಹಿಂದೆಯೇ ನಿಂತಿದ್ದವರು ನರ್ಸುಗಳ ಮೇಲ್ವಿಚಾರಕಿ, ನಾವು ಮೇಡಂ ಎನ್ನುತ್ತಿದ್ದವರು. ಅವರೂ ನರ್ಸಾಗಿಯೇ ಮೇಲೆ ಬಂದವರು, ಆ ಸದ್ದು ಏನೆಂದು ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೋಣೆಗೆ ಕರೆಸಿದರು.

'ಮೇಡಂ, ಸ್ವಲ್ಪ ದಿನ ಓಪಿಡಿಗೆ ಹಾಕ್ರಿ. ಬಿಪಿ ನೋಡ್ತೀನಿ, ಇಂಜೆಕ್ಷನ್ ಕೊಡ್ತೀನಿ. ಎತ್ತೋದೊಂದು ಬಿಟ್ಟು ಎಲ್ಲಾ ಮಾಡ್ತೀನಿ' ಎಂದು ಕೈ ಮುಗಿದೆ.

'ನಿನ್ ಒಬ್ಬಳನ್ನ ಹಾಕಿದ್ರೆ ನಾಳೆ ಎಲ್ರೂ ಸೊಂಟ ಹಿಡ್ಕಂಡು ಬರ್ತಾರೆ. ಕುಂತು ಮಾಡೋ ನರ್ಸು ನಮಗೆ ಬ್ಯಾಡ' ಎಂದರು.

'ಇಲ್ಲೇ ಹಿಂಗಾಗಿದ್ದು ಮೇಡಂ. ನಿಮ್ ಪೇಷಂಟ್‌ನ ಎತ್ತುವಾಗಲೇ.'

'ಹೊರಗೆ ಹಂಗೆಲ್ಲ ಮಾತಾಡಬ್ಯಾಡ' ಎಂದು ಬಾಗಿಲ ಕಡೆ ನೋಡಿದರು. 'ಸೋಮವಾರ ನನ್ ಮುಂದೆ ಒಬ್ಬ ಪೇಷಂಟ್‌ನ ಎತ್ತಿ ತೋರ್ಸು. ಆದ್ರೆ ಇರು. ಆಗದಿದ್ರೆ ಬ್ಯಾರೆ ಕಡೆ ನೋಡ್ಕ.'

ನನ್ನ ಕಿವಿಯೇ ಸರಿಯಿಲ್ಲವೇನೋ ಅನ್ನಿಸಿತು. ಮುರಿದ ಕಾಲಿನವನನ್ನು ಓಡಿ ತೋರಿಸು ಎಂದು ಯಾವ ಆಸ್ಪತ್ರೆಯೂ ಕೇಳುವುದಿಲ್ಲ. ಅವನು ಅಲ್ಲಿ ನರ್ಸಾಗಿದ್ದರೆ ಕೇಳುತ್ತದೆ! ಆದರೂ 'ಆಯ್ತು ಮೇಡಂ' ಎಂದು ಬಂದೆ.

ಮಧ್ಯದ ಒಂದು ರಜೆಯ ದಿನ ಹೊಸದುರ್ಗಕ್ಕೆ ಹೋದೆ. ಅಲ್ಲಿನ ಒಂದು ಆಸ್ಪತ್ರೆಗೆ ನರ್ಸು ಬೇಕಾಗಿದ್ದರು. ಡಾಕ್ಟರು ಬಹಳ ಮರ್ಯಾದಸ್ಥರು, ಕೂರಿಸಿ ಚಹಾ ಕೊಡಿಸಿದರು. ಇರುವ ಕೆಲಸ ಯಾಕೆ ಬಿಡುತ್ತೀರಿ ಎಂದು ಕೇಳಿದಾಗ ಸುಳ್ಳು ಹೇಳಲು ಮನಸ್ಸು ಬರಲಿಲ್ಲ, ಇದ್ದದ್ದು ಇದ್ದಹಾಗೆ ಹೇಳಿದೆ. ಅವರು ನಿಜವಾಗಿಯೂ ಮರುಗಿದರು. ಆಮೇಲೆ ಅದೇ ಮೆತ್ತಗಿನ ದನಿಯಲ್ಲಿ 'ಪೇಷಂಟ್ ಆಗಿ ಬರ್ರಿ, ನಾನೇ ನೋಡ್ತೀನಿ. ಸಿಸ್ಟರ್ ಆಗಿ ಬ್ಯಾಡ್ರಿ' ಎಂದರು. ಚಹಾದ ಲೋಟ ಹಾಗೇ ಕೆಳಗಿಟ್ಟು ಎದ್ದು ಬಂದೆ.

ಬೇರೆ ಏನಾದರೂ ಮಾಡಬಹುದಿತ್ತಲ್ಲ ಎಂದು ಈಗಲೂ ಕೇಳುವವರಿದ್ದಾರೆ. ಮಾಡಬಹುದಿತ್ತು. ನನಗೆ ಬೇಡವಾಗಿತ್ತು, ಅಷ್ಟೇ. ಅರಿವಳಿಕೆ ಇಳಿದು ಕಣ್ಣು ಬಿಟ್ಟವರು ಮೊದಲು ಹುಡುಕುವುದು ಒಂದು ಮುಖವನ್ನು. ಆ ಮುಖ ನನ್ನದಾಗಿರುವುದು ನನಗೆ ಇಷ್ಟ. ಅದನ್ನು ಬಿಟ್ಟು ಅಂಗಡಿಯ ಗಲ್ಲಾ ಪೆಟ್ಟಿಗೆಯ ಮುಂದೆ ಕೂರು ಎಂದರೆ ನಾನು ಯಾರೆಂದೇ ನನಗೆ ಗೊತ್ತಾಗುತ್ತಿರಲಿಲ್ಲ.

ಸೋಮವಾರ ಬಂತು. ಆಪಾಗೆ ವಿಷಯ ಗೊತ್ತಿತ್ತು, ಇಡೀ ವಾರ್ಡಿಗೇ ಗೊತ್ತಿತ್ತು. ಬೆಳಿಗ್ಗೆಯಿಂದ ಅವಳು ನನ್ನೊಡನೆ ಮಾತನಾಡಿರಲಿಲ್ಲ. ಅವಳಿಗೂ ನಾನು ಬೇಡವಾದೆನೇ ಎಂದುಕೊಂಡೆ. ಅಪೆಂಡಿಕ್ಸ್ ತೆಗೆಸಿಕೊಂಡ ಒಬ್ಬ ಲಾರಿ ಡ್ರೈವರು ಟ್ರಾಲಿಯ ಮೇಲೆ ಬಂದ. ದೊಡ್ಡ ಹೊಟ್ಟೆಯವನು. ಮೇಡಂ ಮಂಚದ ಕಾಲಿನ ಕಡೆ ಕೈಕಟ್ಟಿ ನಿಂತರು. ನಾನು ಹೆಗಲಿನ ಕಡೆ ಹೋದೆ. ಆಪಾ ನನ್ನನ್ನು ಮೊಣಕೈಯಿಂದ ತಳ್ಳಿ 'ಕಾಲಿನ ಕಡೆ ನಡಿ' ಎಂದಳು. ಮೇಡಂ ತಡೆಯಲಿಲ್ಲ.

ಚಪ್ಪಲಿ ಬಿಟ್ಟು ನೆಲಕ್ಕೆ ಪಾದ ಊರಿದೆ. ಎಡಗಾಲು ಆಗಲೇ ಜೋಮು ಹಿಡಿದಿತ್ತು. ಇಷ್ಟು ದಿನದಲ್ಲಿ ಚಿತ್ರದುರ್ಗದ ಲೆಕ್ಕ ನನ್ನ ಕೈಗೂ ಬಂದಿತ್ತು. ಮೂರಕ್ಕೆ ಉಸಿರು, ಹಾಂ ಎಂದಾಗ ಎತ್ತುವುದು. ಇವತ್ತು ಈ ಹಾಂ ದಾಟಿದರೆ ನನ್ನ ಕೆಲಸ ಉಳಿಯುತ್ತದೆ, ನಡು ಏನಾದರೂ ಆಗಲಿ ಎಂದುಕೊಂಡು ಹಲ್ಲು ಕಚ್ಚಿದೆ.

'ಒಂದು, ಎರಡು, ಮೂರು' ಎಂದಳು ಆಪಾ. ನಾನು ಉಸಿರು ಹಿಡಿದೆ.

ನನ್ನ ಕೈಯ ಮೇಲಿದ್ದ ಭಾರ ಮಾಯವಾಯಿತು. ಬಗ್ಗಿ ನೋಡಿದರೆ ಅವಳ ಒಂದು ಕೈ ಅವನ ಹೆಗಲ ಕೆಳಗಿತ್ತು, ಇನ್ನೊಂದು ಕೈ ಸೊಂಟ ದಾಟಿ ನನ್ನ ಕೈ ಇರಬೇಕಾದ ಜಾಗಕ್ಕೆ ಬಂದಿತ್ತು. ಅವಳು ಮೂರಕ್ಕೇ ಎತ್ತಿಬಿಟ್ಟಿದ್ದಳು, ಹಾಂ ಎನ್ನುವ ಹೊತ್ತಿಗೆ ಅವನು ಆಗಲೇ ಗಾಳಿಯಲ್ಲಿದ್ದ. ನನ್ನ ಕೈಗಳು ಅವನ ಕಾಲನ್ನು ಮುಟ್ಟಿಕೊಂಡು ಜೊತೆಗೆ ಹೋದವು, ಅಷ್ಟೇ. ಡ್ರೈವರು ಮಂಚದ ಮೇಲೆ ನರಳಿದ. ಮೇಡಂ 'ಸರಿ, ಡ್ಯೂಟಿಗೆ ಬಾ' ಎಂದು ಹೊರಟುಹೋದರು.

ಆ ವಾರ್ಡಿನಲ್ಲಿ ಮೂರಕ್ಕೇ ಎತ್ತುವವರು ಯಾರೂ ಇರಲಿಲ್ಲ. ಮೊದಲ ದಿನ ನಾನು ನೋವಿನಲ್ಲಿ ಅರಚಿದ ಮಾತನ್ನು ಅವಳು ಇಷ್ಟು ಕಾಲ ನೆನಪಿಟ್ಟುಕೊಂಡಿದ್ದಳು. ಆಪಾ ಆಗಲೇ ಗೋಡೆ ಹಿಡಿದು ಔಷಧದ ಕೋಣೆಯ ಕಡೆ ನಡೆಯುತ್ತಿದ್ದಳು. ಹಿಂದೆ ಓಡಿದೆ. 'ಏನಾತು ಆಪಾ?' ಎಂದರೆ 'ಏನೂ ಇಲ್ಲ, ಹೋಗಿ ಅವನ ಬಿಪಿ ನೋಡು' ಎಂದು ಗದರಿದಳು.

ಮರುದಿನ ಅವಳು ರಜೆ ಹಾಕಿದಳು. ಅದಕ್ಕೆ ಮುಂಚೆ ಅವಳು ರಜೆ ಹಾಕಿದ್ದನ್ನು ನಾನು ನೋಡಿರಲಿಲ್ಲ. ಬುಧವಾರ ಬಂದಳು, ಎಂದಿನಂತೆ ಎಲ್ಲರನ್ನೂ ಬೈದಳು, ನನಗೂ ಸಮಾಧಾನವಾಯಿತು. ಮೇಜಿನ ಮುಂದೆ ನಿಂತು ರೋಗಿಗಳ ಜ್ವರ ಬರೆದುಕೊಳ್ಳುತ್ತಿದ್ದಾಗ ಅವಳ ಪೆನ್ನು ಕೆಳಗೆ ಬಿತ್ತು. ನಾನು ಮೇಜಿನ ಈ ಕಡೆ ಇದ್ದೆ. ಅವಳು ಅತ್ತಿತ್ತ ನೋಡಿದಳು. ಮೆಲ್ಲಗೆ ಚಪ್ಪಲಿಯಿಂದ ಕಾಲು ಹೊರಗೆ ತೆಗೆದಳು. ಹೆಬ್ಬೆರಳ ಸಂದಿಯಲ್ಲಿ ಪೆನ್ನು ಸಿಕ್ಕಿಸಿ, ಮಂಡಿ ಮಡಿಸಿ, ಹಿಂದಿನಿಂದ ಕೈ ಚಾಚಿದಳು.

ಇದನ್ನು ನಾನು ಯಾರಿಗೂ ಕಲಿಸಿರಲಿಲ್ಲ. ನನ್ನನ್ನು ನೋಡಿ ನೋಡಿಯೇ ಅವಳಿಗೆ ಬಂದಿರಬೇಕು. ನಾನು ನೋಡುತ್ತಿರುವುದು ಕಂಡು ಅವಳು ಪೆನ್ನನ್ನು ಜೇಬಿಗಿಟ್ಟುಕೊಂಡಳು.

'ಲೇ, ಆ ಬೆಲ್ಟು ಯಾವ ಅಂಗಡ್ಯಾಗೆ ತಗಂಡೆ?' ಎಂದಳು.

'ಮೇಡಂಗೆ ಹೇಳಬ್ಯಾಡ. ನಮ್ಮನಿಯಾಗೂ ಗೊತ್ತಿಲ್ಲ' ಎಂದು ಅವಳು ಸೇರಿಸುವಷ್ಟರಲ್ಲಿ ಆಪರೇಷನ್ ಕೋಣೆಯ ಕಡೆಯಿಂದ 'ಸಿಸ್ಟರ್, ಪೇಷಂಟ್ ಬಂತು' ಎಂದು ಕೂಗಿದರು. ಟ್ರಾಲಿ ಉರುಳಿಕೊಂಡು ಬಂದು ಮಂಚದ ಪಕ್ಕ ನಿಂತಿತು. ಅವಳು ಹೆಗಲಿನ ಕಡೆ ನಿಂತಳು, ನಾನು ಕಾಲಿನ ಕಡೆ. ಇಬ್ಬರೂ ಕೈ ತೂರಿಸಿದೆವು. ಎಣಿಸಲು ಇಬ್ಬರೂ ಬಾಯಿ ತೆರೆಯಲಿಲ್ಲ.

'ಯಾಕ್ರವ್ವ, ಎತ್ತಂಗಿಲ್ವಾ?' ಎಂದು ಮಲಗಿದ್ದವರು ಕೇಳಿದರು.