ಮಗ್ಗ ನಿಂತರೆ ಮಾತೂ ನಿಲ್ಲಬೇಕು

ನಮ್ಮ ಮನೆಯಲ್ಲಿ ಮಾತಾಡಲು ಮಗ್ಗದ ಅಪ್ಪಣೆ ಬೇಕಾಗಿತ್ತು. ಅಪ್ಪ ಲಾಳಿ ಓಡಿಸುತ್ತಿರುವಾಗ ಮಕ್ಕಳು ಮಾತಾಡಬಹುದು, ನಗಬಹುದು, ಬೇಕಾದರೆ ಜಗಳವನ್ನೂ ಆಡಬಹುದು. ನೂಲು ಹರಿದೋ ಲಾಳಿಯೊಳಗಿನ ಕಂಡಿಕೆಯ ನೂಲು ಮುಗಿದೋ ಮಗ್ಗ ನಿಂತಿತೆಂದರೆ ಆ ಕ್ಷಣವೇ ಬಾಯಿ ಮುಚ್ಚಬೇಕು. ಇದು ಅಮ್ಮ ಮಾಡಿದ ಕಾನೂನು.

ಐವತ್ತರ ದಶಕದಲ್ಲಿ ನಾವು ತಮಿಳು ಸೀಮೆಯಲ್ಲಿ, ಪೊಳ್ಳಾಚಿ ಹತ್ತಿರದ ನೆಗಮಂನಲ್ಲಿ ಬಾಡಿಗೆಗಿದ್ದೆವು. ಮುಂದಿನ ಅರ್ಧ ಮನೆ ಯಜಮಾನರದು, ಹಿಂದಿನ ಅರ್ಧ ನಮ್ಮದು, ನಡುವೆ ಮಣ್ಣಿನ ಗೋಡೆ. ಯಜಮಾನರು ನಮ್ಮ ಜನವೇ, ಮನೆಯೊಳಗೆ ಕನ್ನಡ ಆಡುವವರೇ. ಕಣ್ಣು ಮಂಜಾಗುವವರೆಗೂ ನೇಯ್ದವರು. ಅಪ್ಪ ಅವರನ್ನು ಮಾಮ ಎನ್ನುತ್ತಿದ್ದ, ನಾವು ಮೂವರು ಮಕ್ಕಳು ತಾತ ಎನ್ನುತ್ತಿದ್ದೆವು. ಮಗ್ಗದ ಸದ್ದು ಅವರಿಗೆ ಜೋಗುಳ. ಮಕ್ಕಳ ಸದ್ದು ಮಾತ್ರ ತಲೆಗೆ ಮೊಳೆ ಹೊಡೆದಂತಾಗುತ್ತಿತ್ತಂತೆ. ಗೋಡೆಗೂ ಕಿವಿ ಇದೆ ಎನ್ನುತ್ತಾರೆ, ನಮ್ಮ ಗೋಡೆಗೆ ಕೋಲೂ ಇತ್ತು. ನಾವು ಸ್ವಲ್ಪ ಕೂಗಿದರೂ ಆ ಕಡೆಯಿಂದ ಕೋಲಿನಲ್ಲಿ ಕುಟ್ಟುತ್ತಿದ್ದರು.

ಒಂದು ಬೆಳಿಗ್ಗೆ ಬಾಗಿಲಲ್ಲೇ ನಿಂತು ಹೇಳಿದರು: "ಇದೇ ಕಡೇ ಮಾತು ಕೇಳಪ್ಪ. ಮಗ್ಗದಾಗಿರೋ ಪಾವು ಮುಗಿಯೋದ್ರೊಳಗೆ ಇನ್ನೊಂದು ವಾಟಿ ಈ ಮಕ್ಕಳ ಕೂಗು ಕೇಳಿಸ್ತೋ, ಪಾವು ಮುಗಿದ ದಿನವೇ ಕುಳಿ ಮುಚ್ಚಿ ಮನೆ ಕಾಲಿ ಮಾಡಿಬಿಡು."

ಪಾವು ಎಂದರೆ ಮಗ್ಗಕ್ಕೆ ಏರಿಸಿದ ಹಾಸು. "ಆಗಲಿ ಮಾಮ" ಎಂದ ಅಪ್ಪ. ಬಡವನ ಕೋಪ ದವಡೆಗೆ ಮೂಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ನಮ್ಮದು ಕುಳಿ ಮಗ್ಗ. ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕಾಲಿಳಿಸಿ ಕೂತು ನೇಯಬೇಕು. ಬಾಡಿಗೆಯವರಿಗೆ ನೆಲ ಅಗೆಯಲು ಯಾವ ಪುಣ್ಯಾತ್ಮ ಬಿಡುತ್ತಾನೆ? ಅಪ್ಪ ಊರೆಲ್ಲ ಸುತ್ತಿ ಬಂದ. ಎಲ್ಲರೂ ಕೇಳಿದ್ದು ಎರಡೇ ಪ್ರಶ್ನೆ: ಮಕ್ಕಳೆಷ್ಟು, ಮಗ್ಗ ಎಂಥದು. ಈ ಮನೆ ಹೋದರೆ ಮಗ್ಗ ಹೋಯಿತು, ಮಗ್ಗ ಹೋದರೆ ಅನ್ನ ಹೋಯಿತು. ಒಂಬತ್ತು ವರ್ಷದ ನನಗೂ ಅದು ಅರ್ಥವಾಗಿತ್ತು. ಲೋಟ ಕೈಜಾರಿದರೂ ಗೋಡೆಯ ಕಡೆ ನೋಡುತ್ತಿದ್ದೆ.

ತಮ್ಮನದು ಬೇರೆಯೇ ಪಾಡು. "ಅಕ್ಕಾ, ನನ್ನ ಗೋಲಿ..." ಎಂದು ಶುರುಮಾಡಿದಾಗ ಮಗ್ಗ ನಿಂತರೆ ಬಾಯಿ ತೆರೆದುಕೊಂಡೇ ಕಾಯುತ್ತಿದ್ದ. ಲಾಳಿ ಓಡಿದೊಡನೆ "ನೀನೇ ತಾನೆ ಕದ್ದಿದ್ದು?" ಎಂದು ಮುಗಿಸುತ್ತಿದ್ದ. ನಾಲ್ಕು ವರ್ಷದ ತಂಗಿ ನಮ್ಮಿಬ್ಬರಿಗಿಂತ ಚೆನ್ನಾಗಿ ಕಲಿತಳು. ಅಮ್ಮ ಅವಳನ್ನು ಹೊಗಳಿದಾಗ ನನಗೆ ಹೊಟ್ಟೆಕಿಚ್ಚೂ ಆಗಿತ್ತು.

ಹಾಸಿನಲ್ಲಿ ಇನ್ನು ಎರಡು ಸೀರೆಯಷ್ಟು ಉಳಿದಿತ್ತು. ಆ ಮಧ್ಯಾಹ್ನ ಅಪ್ಪ ತಮ್ಮನನ್ನು ಕರೆದುಕೊಂಡು ನೂಲು ತರಲು ಹೋಗಿದ್ದ, ಅಮ್ಮ ಬಾವಿಗೆ ಹೋಗಿದ್ದಳು. ಮಗ್ಗ ನಿಂತಿತ್ತು. ನಾನು ರಾಟೆಯ ಮುಂದೆ ಕೂತು ಕಂಡಿಕೆ ಸುತ್ತುತ್ತಿದ್ದೆ. ತಂಪಿಗೆಂದು ಮಗ್ಗದ ಕುಳಿಯೊಳಗಿಳಿದು ಆಡುತ್ತಿದ್ದ ತಂಗಿ ಇದ್ದಕ್ಕಿದ್ದಂತೆ ಮೇಲೆ ಹತ್ತಿ, ಒಂದು ಕಾಲು ಎತ್ತಿಕೊಂಡು ಕುಂಟುತ್ತ ನನ್ನ ಹತ್ತಿರ ಬಂದಳು. ಬಾಯಿ ಅಗಲವಾಗಿ ತೆರೆದಿತ್ತು. ಸದ್ದಿರಲಿಲ್ಲ.

ನನಗೆ ಆ ಕಾಲು ಕಾಣಲಿಲ್ಲ, ಬಾಯಿ ಮಾತ್ರ ಕಂಡಿತು. ಈಗ ಕೂಗುತ್ತಾಳೆ, ಈಗ ಮನೆ ಹೋಗುತ್ತದೆ. ಅವಳನ್ನು ಮಡಿಲಿಗೆ ಎಳೆದುಕೊಂಡು ಬಾಯಿಗೆ ಕೈ ಒತ್ತಿ ಹಿಡಿದೆ. ಒದ್ದಾಡಿದಳು; ಇನ್ನೂ ಗಟ್ಟಿಯಾಗಿ ಒತ್ತಿದೆ. ಅವಳ ಮೈಯೆಲ್ಲ ಬೆವರಿನಿಂದ ತೊಯ್ದುಹೋಯಿತು. ಆಮೇಲೆ ಒದ್ದಾಟವೂ ನಿಂತಿತು. ಸದ್ಯ, ಸುಮ್ಮನಾದಳು ಎಂದುಕೊಂಡೆ. ಅಮ್ಮನ ಹೆಜ್ಜೆ ಕೇಳಿದ ಮೇಲೆಯೇ ಕೈ ತೆಗೆದದ್ದು.

ಅಮ್ಮ ಕೊಡ ಇಳಿಸಿ ಮಗುವಿನ ಮುಖ ನೋಡಿದಳು. ತಣ್ಣಗಾಗಿದ್ದ ಕಾಲು ಮುಟ್ಟಿ, ಕುಳಿಯೊಳಗೆ ಇಣುಕಿದಳು. ಅಲ್ಲಿ ಕೆಂಪು ಚೇಳಿತ್ತು. ಅಮ್ಮ ಕಿರುಚಿದ್ದಕ್ಕೆ ಬೀದಿಯೇ ಎದ್ದು ಬಂತು. ನಾನು ಆಗಲೂ "ಅಮ್ಮಾ, ಮೆಲ್ಲಗೆ" ಎಂದೆ.

ಯಜಮಾನರು ಕೋಲೂರುತ್ತ ಒಳಗೆ ಬಂದರು. ಮುಗಿಯಿತು ನಮ್ಮ ಕಥೆ ಎಂದು ನಾನು ಗೋಡೆಗೆ ಅಂಟಿಕೊಂಡೆ. ಅವರು ಮಗುವನ್ನು ನೋಡಿದ್ದೇ ಕೋಲು ಬಿಸಾಡಿ ಗಾಡಿ ಕಟ್ಟಿಸಿದರು. ಅಮ್ಮನ ಜೊತೆ ತಾವೂ ಪೊಳ್ಳಾಚಿಯ ಆಸ್ಪತ್ರೆಗೆ ಹೋದರು. ತಂಗಿ ಸತ್ತರೆ ಕೊಂದದ್ದು ನಾನು ಎಂದು ನನಗೆ ಗೊತ್ತಿತ್ತು.

ಮರುದಿನ ಸಂಜೆ ಗಾಡಿ ಬಂತು. ತಂಗಿ ಬಾಡಿದ್ದಳು, ಆದರೆ ಬದುಕಿದ್ದಳು. ಅವಳನ್ನು ಎತ್ತಿಕೊಂಡೇ ಇಳಿದ ತಾತ ಕೇಳಿದರು: "ಚೇಳು ಕಡಿದ್ರೆ ಕೂಗಬಾರ್ದಾ ನನ್ನ ಕಣ್ಣು?"

"ಮಗ್ಗ ನಿಂತಿತ್ತಲ್ಲ ತಾತ" ಎಂದಳು.

ಅವರಿಗೆ ತಿಳಿಯಲಿಲ್ಲ. ಅಮ್ಮ ತಲೆ ತಗ್ಗಿಸಿ ತನ್ನ ಕಾನೂನನ್ನು ವಿವರಿಸಿದಳು. ಮುದುಕರು ಜಗುಲಿಯ ಮೇಲೆ ಕುಸಿದು ಕೂತು, ನಮ್ಮೆದುರೇ ಅತ್ತರು. "ಈ ಕೂಸಿನ ಬಾಯಿ ಮುಚ್ಚಿದ್ದು ನಾನಪ್ಪ. ಪಾಪ ನಂದೇ. ಎಷ್ಟು ವರ್ಷ ಬೇಕೋ ಇರಿ, ಮನೆ ಮಾತ್ರ ಬಿಡಬೇಡಿ" ಎಂದು ಅಪ್ಪನ ಕೈ ಹಿಡಿದುಕೊಂಡರು.

ತಂಗಿ ನನ್ನ ಕಡೆ ನೋಡಿದಳು. ಅವಳು ಹೇಳಲಿಲ್ಲ, ನಾನೂ ಹೇಳಲಿಲ್ಲ. ಬಾಯಿ ಮುಚ್ಚಿದ ಕೈ ನನ್ನದೆಂದು ಗೊತ್ತಾದರೆ ಅಪ್ಪ ಅಮ್ಮ ನನ್ನೊಬ್ಬಳನ್ನೇ ಮನೆಯಿಂದ ಹೊರಗೆ ಹಾಕುತ್ತಾರೆ ಎಂದು ಹೆದರಿದ್ದೆ. ಆ ಮುದುಕರು ಸಾಯುವವರೆಗೂ ಆ ಪಾಪ ತಮ್ಮದೆಂದೇ ನಂಬಿದ್ದರು. ನಾನು ನಂಬಲು ಬಿಟ್ಟೆ.