ಹೋಗದೇ ಉಳಿದ ಫ್ಯೂಸ್

ವಯನಾಡು ಜಿಲ್ಲೆಯಾಗಿ ಆರೇಳು ವರ್ಷ ಆಗಿತ್ತು. ಗುಂಡ್ಲುಪೇಟೆಯಿಂದ ಬಂದ ನಾನು ಸುಲ್ತಾನ್ ಬತ್ತೇರಿಯಲ್ಲಿ ವಾಹನಗಳ ವೈರಿಂಗ್ ಅಂಗಡಿ ಇಟ್ಟಿದ್ದೆ. ಡೈನಮೊ, ಹಾರ್ನ್, ಹೆಡ್‌ಲೈಟ್ ನನ್ನ ಕಸುಬು. ಗಾಡಿಯಲ್ಲಿ ಹಾಡನ್ನು ಜೋರು ಮಾಡುವ ಆಂಪ್ಲಿಫೈಯರ್‌ಗಳು ಆಗಷ್ಟೇ ಬರತೊಡಗಿದ್ದವು. ಅವುಗಳ ಬಗ್ಗೆ ನನಗೆ ಗೊತ್ತಿದ್ದದ್ದು ಕಡಿಮೆ, ಕೊಬ್ಬು ಮಾತ್ರ ಜಾಸ್ತಿ.

ನಮ್ಮ ಕಡೆಯವನೇ ಆದ ಸಿದ್ಧರಾಜು ಪುಲ್ಪಳ್ಳಿಯಿಂದ ಮರಕ್ಕಡವಿಗೆ ಜನರನ್ನು ಸಾಗಿಸುವ ಟ್ರಿಪ್ ಜೀಪ್ ಓಡಿಸುತ್ತಿದ್ದ. ಹಾಡು ಜೋರಾಗಿದ್ದ ಜೀಪಿಗೇ ಜನ ಮೊದಲು ಹತ್ತುತ್ತಿದ್ದ ಕಾಲ. ಗಲ್ಫಿನಿಂದ ಬಂದವರೊಬ್ಬರಿಂದ ಅವನೊಂದು ಆಂಪ್ಲಿಫೈಯರ್ ಕೊಂಡಿದ್ದ. ಮೇಲೆ ಚಿನ್ನದ ಬಣ್ಣದಲ್ಲಿ ‘300 ವ್ಯಾಟ್ಸ್’ ಎಂದಿತ್ತು. ನಾನೇ ಅದನ್ನು ಸೀಟಿನಡಿ ಕೂರಿಸಿ, ಕೈಗೆ ಸಿಕ್ಕ ಸಣ್ಣ ವೈರನ್ನು ಬ್ಯಾಟರಿಯಿಂದ ಮ್ಯಾಟಿನಡಿ ಎಳೆದು, ಎರಡು ಸ್ಪೀಕರ್ ಹಾಕುವಲ್ಲಿ ನಾಲ್ಕು ಹಾಕಿಕೊಟ್ಟೆ.

ಒಂದೇ ವಾರದಲ್ಲಿ ಮೂರು ಸಲ ಫ್ಯೂಸ್ ಹೋಯಿತು. ಫ್ಯೂಸ್ ಎಂದರೆ ಗಾಜಿನ ಕೊಳವೆಯೊಳಗಿನ ಒಂದು ಎಳೆ. ಮಿತಿ ಮೀರಿ ಕರೆಂಟ್ ಹರಿದರೆ ತಾನು ಕರಗಿ ಉಳಿದದ್ದನ್ನು ಕಾಪಾಡುತ್ತದೆ. ಕಂಪನಿಯವರು ಇಟ್ಟದ್ದು ಐದು ಆಂಪಿಯರಿನದು. ನಾನು ಲೆಕ್ಕ ಹಾಕಿದೆ: ಮುನ್ನೂರು ವ್ಯಾಟನ್ನು ಹನ್ನೆರಡು ವೋಲ್ಟಿನಿಂದ ಭಾಗಿಸಿದರೆ ಇಪ್ಪತ್ತೈದು. ಕಂಪನಿಯವರೇ ತಪ್ಪಿದ್ದಾರೆ ಎಂದು ತೀರ್ಮಾನಿಸಿ ಇಪ್ಪತ್ತೈದರ ಫ್ಯೂಸ್ ಕೈಗೆತ್ತಿಕೊಂಡೆ.

ಸಿದ್ಧರಾಜು ನೋಡಿದ. “ಅಣ್ಣೋ, ಅದ್ರಲ್ಲಿ ಐದರದು ಇತ್ತಲ್ವಾ? ಇಷ್ಟು ದೊಡ್ಡದು ಹಾಕುದ್ರೆ ಏನೂ ಆಗಲ್ವಾ?”

“ಜೀಪ್ ಓಡ್ಸೋದು ನಿನ್ ಕೆಲ್ಸ, ವೈರಿಂಗ್ ನಂದು. ಸುಮ್ಕಿರು,” ಎಂದೆ.

“ಸರಿ ಅಣ್ಣ,” ಎಂದು ತಲೆಯಾಡಿಸಿ ಹೋದ.

ಹತ್ತು ದಿನ ಹಾಡು ಮೊಳಗಿತು. ಹನ್ನೊಂದನೆಯ ಬೆಳಿಗ್ಗೆ, ಮೆಣಸು ಕೊಯ್ಲಿಗೆ ಹೊರಟ ಹೆಂಗಸರು ತುಂಬಿದ್ದ ಜೀಪಿನಲ್ಲಿ ಹೊಗೆ ಎದ್ದಿತು. ಎಲ್ಲರೂ ಇಳಿದು ಪಾರಾದರು. ಎಂಜಿನ್ ಆರಿಸಿದರೂ ಬ್ಯಾಟರಿಗೆ ನೇರ ಕಟ್ಟಿದ ವೈರ್ ಸುಡುತ್ತಲೇ ಇತ್ತು, ಮ್ಯಾಟಿಗೆ ಬೆಂಕಿ ಹತ್ತಿತು. ಸಿದ್ಧರಾಜು ಬರಿಗೈಯಲ್ಲಿ ಆ ವೈರ್ ಹಿಡಿದು ಕಿತ್ತ. ಜೀಪು ಉಳಿಯಿತು. ಅವನ ಬಲ ಅಂಗೈ ಬೆಂದುಹೋಯಿತು.

ಮಧ್ಯಾಹ್ನ ನಾನು ಜೀಪು ನೋಡಿದೆ. ಆಂಪ್ಲಿಫೈಯರ್ ಒಳಗೇ ಶಾರ್ಟ್ ಆಗಿತ್ತು. ಇಪ್ಪತ್ತೈದು ಆಂಪಿಯರ್ ತಡೆಯಲಾರದ ಆ ಸಣ್ಣ ವೈರಿನ ಪ್ಲಾಸ್ಟಿಕ್ ಉದ್ದಕ್ಕೂ ಕರಗಿತ್ತು. ನಾನು ಹಾಕಿದ ಫ್ಯೂಸ್ ಮಾತ್ರ ಹೊಸದರಂತೆ ಹಾಗೇ ಇತ್ತು. ಆಂಪ್ಲಿಫೈಯರ್ ಪೆಟ್ಟಿಗೆಯನ್ನು ಮಗುಚಿದೆ. ಅಡಿಯಲ್ಲಿ ಸಣ್ಣಕ್ಷರದಲ್ಲಿ ‘ಆರ್‌ಎಂಎಸ್ 15+15’ ಎಂದಿತ್ತು. ಅಂದರೆ ಎಡೆಬಿಡದೆ ಕೊಡಬಲ್ಲ ಶಕ್ತಿ ಬರೀ ಮೂವತ್ತು ವ್ಯಾಟ್. ಮುನ್ನೂರು ಎಂಬುದು ಕ್ಷಣವೂ ನಿಲ್ಲದ ಗರಿಷ್ಠದ ಲೆಕ್ಕ, ಮಾರುವುದಕ್ಕೆ ಬರೆದದ್ದು. ಐದು ಆಂಪಿಯರಿನ ಫ್ಯೂಸಿನಲ್ಲಿ ಒಳಗೆ ಹೋಗುವುದೇ ಅರವತ್ತು ವ್ಯಾಟ್, ಮುನ್ನೂರು ಹೊರಗೆ ಬರುವುದೆಲ್ಲಿಂದ? ನಾಲ್ಕು ಸ್ಪೀಕರಿನ ಭಾರ ತಡೆಯಲಾರೆ ಎಂದು ಆ ಫ್ಯೂಸ್ ಮೂರು ಸಲ ಹೇಳಿತ್ತು. ನಾನು ಅದರ ಬಾಯಿ ಮುಚ್ಚಿಸಿದ್ದೆ.

ಆಸ್ಪತ್ರೆಯಲ್ಲಿ ಎಲ್ಲರೂ ಆ ಪೆಟ್ಟಿಗೆಯನ್ನೇ ಬಯ್ಯುತ್ತಿದ್ದರು. ಸಿದ್ಧರಾಜು, “ಜೋರು ಸೌಂಡ್ ಬೇಕು ಅಂತ ಆಸೆಪಟ್ಟೆ, ಹಿಂಗಾಯ್ತು ಅಣ್ಣ,” ಎಂದ. ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸುಮ್ಮನಿರಲು ಮನಸ್ಸೂ ಆಗಿತ್ತು, ಸುಳ್ಳು ಹೇಳುವುದಿಲ್ಲ.

“ನಿಂದಲ್ಲ ಕಣೋ, ತಪ್ಪು ನಂದು. ಆ ಫ್ಯೂಸ್ ಹಾಕ್ಬಾರ್ದಿತ್ತು,” ಎಂದೆ.

ಅವನು ಕಟ್ಟು ಹಾಕಿದ ಕೈಯನ್ನೇ ನೋಡುತ್ತಿದ್ದ. “ನಾನು ಕೇಳಿದ್ನಲ್ಲಣ್ಣ,” ಎಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅಂದಿನಿಂದ ಯಾವ ಆಂಪ್ಲಿಫೈಯರ್ ಬಂದರೂ ಮೇಲಿನ ಅಂಕಿಗಿಂತ ಮೊದಲು ಅದರ ಫ್ಯೂಸ್ ನೋಡುತ್ತಿದ್ದೆ, ಕೇಳಿದವರಿಗೆ ಕೂತು ಉತ್ತರ ಹೇಳುತ್ತಿದ್ದೆ. ಸಿದ್ಧರಾಜುವಿನ ಬೆರಳುಗಳು ಮತ್ತೆ ಪೂರ್ತಿ ಮಡಚಿಕೊಳ್ಳಲಿಲ್ಲ. ಆದರೂ ನಾನು ಅಂಗಡಿ ಮುಚ್ಚುವವರೆಗೂ ಜೀಪನ್ನು ನನ್ನಲ್ಲಿಗೇ ತರುತ್ತಿದ್ದ. ಪ್ರತಿ ಸಲವೂ ಆ ಕೈಯನ್ನೇ ಮುಂದೆ ಚಾಚುತ್ತಿದ್ದ. ನಾನು ಫ್ಯೂಸನ್ನು ಅದರ ಮೇಲಿಡುತ್ತಿದ್ದೆ. ಅವನು ಬೆಳಕಿಗೆ ಹಿಡಿದು ಅಂಕಿ ಓದಿ, “ಹಾಕಿ ಅಣ್ಣ,” ಎಂದ ಮೇಲೆಯೇ ಹಾಕುತ್ತಿದ್ದೆ.