ಸಾದಲಿಯಲ್ಲಿ ಬ್ಯಾಂಡ್ ಮೇಷ್ಟ್ರು ಪೂರ್ತಿ ನುಡಿಸಿದ್ದು

ಹಳೆಯ ನೆನಪುಗಳನ್ನು ಎಬ್ಬಿಸುವ ಶಕ್ತಿ ಪರಿಮಳಕ್ಕೆ ಇರುವಷ್ಟು ಬೇರಾವುದಕ್ಕೂ ಇಲ್ಲವೆಂದು ತಿಳಿದವರು ಹೇಳುತ್ತಾರೆ. ಅವರು ಹೇಳುವುದು ಮಲ್ಲಿಗೆಯ ವಿಷಯ. ನನ್ನ ಪಾಲಿಗೆ ಬಂದದ್ದು ರೇಷ್ಮೆಹುಳುವಿನ ಹಿಕ್ಕೆ. ಹೋದ ತಿಂಗಳು ಜಂಗಮಕೋಟೆಯಲ್ಲಿ ನೆಂಟರೊಬ್ಬರು ಕಟ್ಟಿಸಿದ ಹೊಸ ಹುಳುಮನೆ ನೋಡಲು ಹೋಗಿದ್ದೆ. ಬಾಗಿಲು ತೆರೆದೊಡನೆ ಹಿಪ್ಪುನೇರಳೆ ಸೊಪ್ಪು, ಸುಣ್ಣ, ಹಿಕ್ಕೆ ಎಲ್ಲ ಸೇರಿದ ಬೆಚ್ಚನೆಯ ವಾಸನೆ ಮೂಗಿಗೆ ಬಡಿಯಿತು. ನನಗೆ ಸ್ಯಾಕ್ಸೊಫೋನು ಕೇಳಿಸಿತು…

ಅದನ್ನು ನುಡಿಸುತ್ತಿದ್ದವರು ಶಿಡ್ಲಘಟ್ಟದಲ್ಲಿ ನಮ್ಮ ಪಕ್ಕದ ಮನೆಯವರು. ಊರೆಲ್ಲ ಅವರನ್ನು ಬ್ಯಾಂಡ್ ಮೇಷ್ಟ್ರು ಎನ್ನುತ್ತಿತ್ತು. ಹರೆಯದಲ್ಲಿ ಕೋಲಾರದ ಚಿನ್ನದ ಗಣಿಯ ಕ್ಲಬ್ಬಿನಲ್ಲಿ ಆಂಗ್ಲೋ ಇಂಡಿಯನ್ ವಾದಕರೊಬ್ಬರ ಬಳಿ ಜಾಝ್ ಕಲಿತವರು. ಗಣಿಯ ವೈಭವ ಇಳಿದು ಕ್ಲಬ್ಬಿನಲ್ಲಿ ಕುಣಿಯುವವರು ಇಲ್ಲವಾದಾಗ ವಾದ್ಯದೊಂದಿಗೆ ಊರಿಗೆ ಬಂದರು. ಆರೇಳು ಮಂದಿಯನ್ನು ಸೇರಿಸಿ, ಕೆಂಪು ಕೋಟು ಹೊಲಿಸಿ, ಮದುವೆಗಳಿಗೆ ಬ್ಯಾಂಡ್ ಸೆಟ್ ಕಟ್ಟಿದರು. ಹೀಗೆ ಜಾಝ್ ಎಂಬ ಮಹಾಸಂಗೀತ ನಮ್ಮ ತಾಲ್ಲೂಕಿಗೆ ಆಗಮಿಸಿ, ವರನ ಕಾರಿನ ಮುಂದೆ ನಡೆಯತೊಡಗಿತು.

ಜಾಝಿನ ಲಕ್ಷಣವೇನೆಂದು ನಾನು ಯಾವ ಗ್ರಂಥದಲ್ಲೂ ಓದಿಲ್ಲ. ಅವರ ಜಗುಲಿಯ ಅಭ್ಯಾಸದಲ್ಲಿ ಕೇಳಿದ್ದಷ್ಟೇ ಗೊತ್ತು. ಡ್ರಮ್ಮಿನವನು ಒಂದು ದಿನ ಕೋಲು ಕೆಳಗಿಟ್ಟು, "ಮೇಷ್ಟ್ರೇ, ಟ್ಯೂನ್ ಬಿಟ್ಟು ನೀವೆಲ್ಲಿಗೆ ಹೋಗ್ಬಿಡ್ತೀರ? ನಾನೂ ಬರ್ಬೇಕಾ?" ಎಂದ.

"ನೀನು ಇಲ್ಲೇ ಇರಪ್ಪ. ನಾನು ಒಂದು ಸುತ್ತು ಹೋಗಿ ಬರ್ತೀನಿ" ಎಂದರು ಮೇಷ್ಟ್ರು.

ಅವರೇ ಕಟ್ಟಿದ ಟ್ಯೂನ್ ಒಂದಿತ್ತು. ಹೆಸರಿಟ್ಟಿರಲಿಲ್ಲ. ಪ್ರತಿ ಮೆರವಣಿಗೆಯಲ್ಲೂ ಅದನ್ನು ಶುರು ಮಾಡುವರು. ಕುಣಿಯುವವರು ಯಾರೋ ಅಡ್ಡ ಬಂದು ಸಿನಿಮಾ ಹಾಡು ಕೇಳುವರು. ಮೇಷ್ಟ್ರು ತಲೆಯಾಡಿಸಿ ಅತ್ತ ತಿರುಗುವರು. ಚಿಂತಾಮಣಿ, ಗೌರಿಬಿದನೂರು, ಚಿಕ್ಕಬಳ್ಳಾಪುರ, ಎಲ್ಲ ಕಡೆಯೂ ಅದು ಹುಟ್ಟಿತು, ಎಲ್ಲೂ ಮುಗಿಯಲಿಲ್ಲ. ನನ್ನ ಮದುವೆ ಗೊತ್ತಾದಾಗ ಕಾಂಪೌಂಡಿನಾಚೆಯಿಂದ ಹೇಳಿದರು: "ಜನದ ಮುಂದೆ ಒಂದು ಸಲ ಪೂರ್ತಿ ನುಡಿಸ್ಬೇಕು ಕಣಪ್ಪ. ಎದೇಲಿ ಉಸಿರು ನಿಲ್ತಾ ಇಲ್ಲ. ಊದೋದು ಬಿಟ್ಬಿಡಿ ಅಂದಿದ್ದಾರೆ ಡಾಕ್ಟ್ರು. ನಿನ್ನ ಮದ್ವೇನೇ ಕೊನೇದು."

"ನುಡಿಸಿ ಮೇಷ್ಟ್ರೇ, ನನ್ನ ಮದ್ವೆ, ಯಾರು ತಡೀತಾರೆ?" ಎಂದೆ. ಮದುವೆಯಲ್ಲಿ ವರನ ಮಾತು ನಡೆಯುತ್ತದೆಂದು ನಾನಾಗ ನಂಬಿದ್ದೆ.

ಹೆಣ್ಣಿನ ಕಡೆಯವರು ಸಾದಲಿಯವರು, ಹುಳು ಸಾಕುವವರು. ಮಾವನವರು ಪಂಚಾಂಗವನ್ನೂ ಹುಳುಗಳನ್ನೂ ಅಕ್ಕಪಕ್ಕ ಇಟ್ಟು ಲೆಕ್ಕ ಹಾಕಿ, ಹುಳು ಹಣ್ಣಾಗಿ ನೂಲು ಬಿಡುವ ಮೊದಲೇ ಮದುವೆ ಮುಗಿಯುವಂತೆ ಮುಹೂರ್ತ ಇಡಿಸಿದ್ದರು. ಪಂಚಾಂಗ ತಪ್ಪಲಿಲ್ಲ. ಆದರೆ ಆ ವಾರ ಬಿಸಿಲು ಏರಿತು; ಸೆಕೆ ಹೆಚ್ಚಾದರೆ ಹುಳು ಪಂಚಾಂಗ ನೋಡದೆ ಬೇಗ ಬಲಿಯುತ್ತದೆ.

ಮದುವೆಯ ಹಿಂದಿನ ಸಂಜೆ ಮೆರವಣಿಗೆ ಅವರ ಬೀದಿಗೆ ತಿರುಗಿತ್ತು. ಮೇಷ್ಟ್ರು ತಮ್ಮ ಟ್ಯೂನು ಎತ್ತಿಕೊಂಡರು. "ಏಮಿ ಮೇಷ್ಟ್ರೇ, ಇದು ಮದ್ವೇನಾ ತಿಥೀನಾ? ಕುಣಿಯೋ ಹಾಡು ಹೊಡೀರಿ!" ಎಂದು ನನ್ನ ಸೋದರಮಾವ ಗದರಿದರು. ಕಾರಿನೊಳಗಿಂದ ನಾನು "ಮಾವ, ಇರ್ಲಿ ಬಿಡಿ" ಎಂದದ್ದು ಪಟಾಕಿಯ ಸದ್ದಿನಲ್ಲಿ ಹೋಯಿತು. ಮೇಷ್ಟ್ರು ಸಿನಿಮಾ ಹಾಡಿಗೆ ತಿರುಗುವಷ್ಟರಲ್ಲಿ ಹುಳುಮನೆಯಿಂದ ಅತ್ತೆ ಓಡಿಬಂದರು. "ಅಯ್ಯೋ, ಹುಳ ಹಣ್ಣಾಗ್ಬಿಟ್ವು! ಗೋಡೆ ಹತ್ತುತಾ ಇದಾವೆ, ಬರ್ರಪ್ಪಾ ಎಲ್ರೂ!"

ಹಣ್ಣಾದ ಹುಳುವನ್ನು ಆಗಿಂದಾಗಲೇ ಆಯ್ದು, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ತಿಂಗಳ ದುಡಿಮೆ ಹೋದಂತೆ. ನಮ್ಮ ಕಡೆ ಇದನ್ನು ಯಾರಿಗೂ ವಿವರಿಸಬೇಕಾಗಿಲ್ಲ. ಹೆಣ್ಣಿನ ಕಡೆಯವರು ಓಡಿದರು, ಗಂಡಿನ ಕಡೆಯವರೂ ಓಡಿದರು. ಸೋದರಮಾವ ಜರಿಪಂಚೆ ಎತ್ತಿ ಕಟ್ಟಿ ಎಲ್ಲರಿಗಿಂತ ಮುಂದೆ. "ಮೇಷ್ಟ್ರೇ, ಹುಳ ಕಾಯಲ್ಲ" ಎಂದು ಡ್ರಮ್ಮಿನವನೂ ಉಳಿದ ಕೆಂಪು ಕೋಟುಗಳೂ ಹೋದವು. ನಾನೂ ಇಳಿದು ಹೋದೆ. ಅತ್ತೆ ಬಾಗಿಲಲ್ಲೇ ತಡೆದರು: "ನೀವು ಬೇಡಪ್ಪ, ಸೆಂಟ್ ಹಾಕ್ಕೊಂಡಿದ್ದೀರ. ಹುಳಕ್ಕೆ ಆಗಲ್ಲ." ಆ ಮನೆಯಲ್ಲಿ ಅಳಿಯನಿಗೆ ಸಂದ ಮೊದಲ ಮರ್ಯಾದೆ ಅದು.

ಬೀದಿಯಲ್ಲಿ ಉಳಿದವರು ನಾನು, ಮೇಷ್ಟ್ರು. ಅವರು ಆಚೆ ಈಚೆ ನೋಡಿ, "ಈಗ?" ಎಂದರು.

"ಈಗಲೇ ಮೇಷ್ಟ್ರೇ."

ನುಡಿಸಿದರು. ಟ್ಯೂನು ನೆಟ್ಟಗೆ ಹೊರಟಿತು. ಒಂದು ಕಡೆ ಬಳುಕಿ ಎಲ್ಲಿಗೋ ಹೋಯಿತು, ತುಂಬ ದೂರ… ನಡುವೆ ಉಸಿರು ಕಡಿದು ಬಾಗಿದರು. ಹತ್ತಿರ ಹೋದ ನನ್ನನ್ನು ಕೈಯೆತ್ತಿ ತಡೆದು, ಬಿಟ್ಟಲ್ಲಿಂದಲೇ ಹಿಡಿದು, ಅವಸರವಿಲ್ಲದೆ ತಂದು ಮುಗಿಸಿದರು.

ಹುಳುಮನೆಯ ಬಾಗಿಲಲ್ಲಿ ಹೆಣ್ಣಿನ ಅಜ್ಜಿ ಕಾಣಿಸಿಕೊಂಡರು. ಸೆರಗಿನ ಮೇಲೆ ಎರಡು ಹುಳು. "ಯಾಕಪ್ಪಾ ನಿಲ್ಲಿಸ್ಬಿಟ್ಟೆ? ಒಳಗೆ ಎಲ್ರೂ ಕೇಳ್ಕೊಂಡೇ ಹುಳ ಆರಿಸ್ತಾ ಇದ್ದೀವಿ. ಕೈ ಚೆನ್ನಾಗಿ ಓಡ್ತಿತ್ತು. ಅದನ್ನೇ ಇನ್ನೊಂದು ಸಲ ಬಾರ್ಸು."

ತಮ್ಮ ಸ್ವಂತ ಕೃತಿಗೆ ಮೇಷ್ಟ್ರಿಗೆ ಸಿಕ್ಕಿದ ಒನ್ಸ್ ಮೋರ್ ಅದೊಂದೇ. ಕೋಟಿನ ಗುಂಡಿ ಹಾಕಿಕೊಂಡು, ಹುಳುಮನೆಯ ಗೋಡೆಗೆ ಎದುರಾಗಿ ನಿಂತು ಮತ್ತೆ ನುಡಿಸಿದರು. ಒಳಗಿನಿಂದ ಸೋದರಮಾವ ಏನೂ ಕೂಗಲಿಲ್ಲ.

ಮರುದಿನ ಮದುವೆ ಮುಹೂರ್ತಕ್ಕೆ ಸರಿಯಾಗಿ ನಡೆಯಿತು. ಗೂಡು ಚೆನ್ನಾಗಿಯೇ ಆಯಿತು. ಮೇಷ್ಟ್ರು ಆಮೇಲೆ ಊದಲಿಲ್ಲ; ಕೆಲವು ವರ್ಷಕ್ಕೆ ತೀರಿಕೊಂಡರು. ಮೆರವಣಿಗೆಗಳಿಗೆ ಡಿಜೆ ಬಂತು…

ಜಂಗಮಕೋಟೆಯಲ್ಲಿ ನಿಂತು ಆ ಟ್ಯೂನನ್ನು ಗುನುಗಲು ನೋಡಿದೆ. "ಏನ್ ಭಾವ, ಗಂಟ್ಲು ಕಟ್ಟಿದೆಯಾ? ಬಿಸಿನೀರು ತರ್ಸ್ಲಾ?" ಎಂದರು ನೆಂಟರು. ಮೇಷ್ಟ್ರು ಅದನ್ನು ಬರೆದಿಟ್ಟಿರಲಿಲ್ಲ. ಬ್ಯಾಂಡಿನವರು ಯಾರೂ ಕಲಿತಿರಲಿಲ್ಲ. ಈಗ ಅದು ಯಾರಿಗೂ ಬರುವುದಿಲ್ಲ.